ಆರರಿಂದ ಇಪ್ಪತ್ತರೊಳಗೆ ಒಂದು ನಂಬರ್

ನೋವು ಮೊದಲು ಬಂದದ್ದು ಎದೆಗಲ್ಲ, ದವಡೆಗೆ.

ಕಾಪುವಿನ ಮೀನು ಮಾರ್ಕೆಟಿನಲ್ಲಿ ನನ್ನ ಜಾಗದಲ್ಲಿ ಕೂತಿದ್ದೆ. ಮುಂದೆ ಅರ್ಧ ಬುಟ್ಟಿ ಬಂಗುಡೆ. ಹಲ್ಲುನೋವು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅದು ಬೆನ್ನಿಗೆ ಇಳಿಯಿತು, ಸೀರೆ ಒದ್ದೆಯಾಗುವಷ್ಟು ಬೆವರಿದೆ. ಗ್ಯಾಸ್ ಇರಬೇಕೆಂದು ಸೋಡಾ ತರಿಸಿ ಕುಡಿದೆ. ಪಕ್ಕದಲ್ಲಿ ಮೀನು ಮಾರುವ ಸರೋಜ ನನ್ನ ಮುಖ ನೋಡಿ, ಮನೆಗೆ ಹೋಗು ಎಂದು ಎರಡು ಸಲ ಹೇಳಿದಳು. ಬುಟ್ಟಿ ಖಾಲಿಯಾಗದೆ ಏಳುವ ಹೆಂಗಸಲ್ಲ ನಾನು. ಕೊನೆಯ ಬಂಗುಡೆಯನ್ನೂ ಮಾರಿಯೇ ಎದ್ದೆ.

ಎದ್ದವಳು ಅಲ್ಲಿಯೇ ಬಿದ್ದೆ.

ಮಣಿಪಾಲದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಸ್ಟೆಂಟ್ ಹಾಕಿ ಆಗಿತ್ತು. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು. ಬರುವುದು ತಡವಾದ್ದರಿಂದ ಹೃದಯದ ಒಂದು ಭಾಗ ಸೋತಿದೆ, ಅದು ಮೊದಲಿನ ಹಾಗೆ ಆಗಲಿಕ್ಕಿಲ್ಲ ಎಂದು ಮೆಲ್ಲಗೆ ಹೇಳಿದರು. ಅರ್ಧ ಬುಟ್ಟಿ ಬಂಗುಡೆಗೆ ಹೃದಯ ಕೊಟ್ಟು ಬಂದವಳು ನಾನು. ನನಗೆ ಮೀನು ಮಾರಲು ಕಲಿಸಿದ ಅತ್ತೆ ಈ ವ್ಯಾಪಾರ ಕಂಡಿದ್ದರೆ ಬೈದೇ ಕೊಲ್ಲುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮನೆಗೆ ಬಂದ ಮೇಲಿನ ದಿನಗಳನ್ನು ನೆನೆಯಲೂ ಇಷ್ಟವಿಲ್ಲ. ಮಗಳು ಪ್ರಮೀಳಾ ಉಡುಪಿಯ ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ನನ್ನ ಕಾವಲಿಗೆ ನಿಂತಳು. ಬಚ್ಚಲಿನ ಚಿಲಕ ಹಾಕಬಾರದು, ಕೊಡಪಾನ ಮುಟ್ಟಬಾರದು. ಮಂಜುಗಡ್ಡೆ ಸುರಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತವಳಿಗೆ ಸ್ನಾನದ ಚೊಂಬು ಎತ್ತಿದರೆ ಎದೆ ಡವಡವ ಎನ್ನುತ್ತಿತ್ತು. ಪ್ರತಿ ಸಲವೂ ಇದೇ ಕೊನೆಯದು ಎಂದು ಗೋಡೆ ಹಿಡಿಯುತ್ತಿದ್ದೆ. ನೋಡಲು ಬಂದವರು ಬಾಳೆಹಣ್ಣು ಕೊಟ್ಟು, ಇದೇ ಕಾಯಿಲೆಯಲ್ಲಿ ತಮ್ಮ ಕಡೆಯವರು ಯಾರು ಯಾರು ಹೋದರೆಂದು ವಿವರಿಸಿ ಹೋಗುತ್ತಿದ್ದರು. ಸಾಯಲು ಹೆದರಿಕೆಯಿತ್ತು. ಹೀಗೆ ಬದುಕಲು ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು.

ವಾರಕ್ಕೆ ಮೂರು ದಿನ ಹೃದಯಕ್ಕೆ ಮತ್ತೆ ಬಲ ಬರಿಸುವ ವ್ಯಾಯಾಮಕ್ಕೆ, ಆಸ್ಪತ್ರೆಯವರ ಮಾತಿನಲ್ಲಿ ಕಾರ್ಡಿಯಾಕ್ ರಿಹ್ಯಾಬ್‌ಗೆ ಬರಲು ಹೇಳಿದ್ದರು. ಎದೆಗೆ ವಯರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಫಿಸಿಯೋಥೆರಪಿಸ್ಟ್ ಅಶ್ವಿನಿ ಕಾರ್ಕಳದ ಹುಡುಗಿ. ಗೋಡೆಯ ಮೇಲೊಂದು ಪಟ್ಟಿ ಇತ್ತು. ಆರು ಎಂದರೆ ಸುಮ್ಮನೆ ಕೂತಷ್ಟು ಸುಲಭ, ಇಪ್ಪತ್ತು ಎಂದರೆ ಇನ್ನು ಸಾಧ್ಯವೇ ಇಲ್ಲ. ನಡೆಯುವಾಗ ಎಷ್ಟು ಕಷ್ಟವಾಗುತ್ತದೆಂದು ನಾವು ನಂಬರ್ ಹೇಳಬೇಕು. ಹನ್ನೊಂದರಿಂದ ಹದಿಮೂರರ ಒಳಗೆ ಇದ್ದರೆ ಸರಿ.

ಮೂವತ್ತು ವರ್ಷ ಮೀನು ಮಾರಿದವಳ ಹತ್ತಿರ ನಂಬರ್ ಕೇಳಿದರೆ ಏನಾದೀತು? ನಮ್ಮಲ್ಲಿ ಬಾಯಿಗೆ ಬರುವ ಮೊದಲ ನಂಬರ್ ಯಾವತ್ತೂ ನಿಜದ್ದಲ್ಲ. ಎದುರಿನವರು ಇಳಿಸುತ್ತಾರೆ, ನಾವು ಬಿಡುವುದಿಲ್ಲ, ನಿಜ ನಡುವೆ ಎಲ್ಲೋ ಸಿಗುತ್ತದೆ. ಉಸಿರು ಸಿಗದಿದ್ದರೂ ಒಂಬತ್ತು ಎಂದೆ. ಆ ಹುಡುಗಿ ಚೌಕಾಶಿ ಮಾಡಲೇ ಇಲ್ಲ. ನಂಬಿದಳು, ಬರೆದುಕೊಂಡಳು, ಸ್ಪೀಡ್ ಒಂದಿಷ್ಟು ಹೆಚ್ಚಿಸಿದಳು. ನನಗೂ ಅದೇ ಬೇಕಿತ್ತು. ಬೇಗ ಹುಷಾರಾದೆ ಎನಿಸಿಕೊಂಡು ಮಾರ್ಕೆಟಿಗೆ ಮರಳಬೇಕಿತ್ತು. ಅಲ್ಲಿ ಖಾಲಿ ಜಾಗ ಬಹಳ ದಿನ ಖಾಲಿ ಇರುವುದಿಲ್ಲ.

ಐದನೆಯ ದಿನವೂ ಒಂಬತ್ತು ಎಂದೆ. ಕಣ್ಣು ಕತ್ತಲಾಯಿತು.

ಅಶ್ವಿನಿ ಬೆಲ್ಟ್ ನಿಲ್ಲಿಸಿ ನನ್ನನ್ನು ತಬ್ಬಿ ಹಿಡಿದದ್ದು ಮಾತ್ರ ನೆನಪಿದೆ. ಬಿಪಿ ಇಳಿದಿತ್ತು. ಮಲಗಿಸಿ, ಕಾಲು ಎತ್ತಿಟ್ಟು, ಡಾಕ್ಟರು ಬಂದು ನೋಡಿ ಹೋಗುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಆಮೇಲೆ ಕುರ್ಚಿ ಎಳೆದು ಹತ್ತಿರ ಕೂತಳು.

“ಅಮ್ಮ, ನಿಮ್ಮ ಮಾತ್ರೆ ನಾಡಿಯನ್ನು ಏರಲಿಕ್ಕೆ ಬಿಡುವುದಿಲ್ಲ. ಮಷಿನ್ ನೋಡಿದರೆ ಪೂರಾ ಗೊತ್ತಾಗುವುದಿಲ್ಲ ನನಗೆ. ನೀವೇ ಸುಳ್ಳು ಹೇಳಿದರೆ ನಾನು ಎಂತ ಮಾಡುವುದು?”

ಮುಂದಿನ ಒಂದು ವಾರ ನಾನು ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಗಂಜಿ ಸೇರಲಿಲ್ಲ. ಈ ಮೈ ಇನ್ನು ನನ್ನದಲ್ಲ, ಇದನ್ನು ನಂಬಿ ಒಂದು ಹೆಜ್ಜೆಯೂ ಇಡಲಾರೆ ಎಂದೇ ಅನಿಸುತ್ತಿತ್ತು. ನನ್ನನ್ನು ಬಿಟ್ಟುಬಿಡು, ನೀನು ಕೆಲಸಕ್ಕೆ ಹೋಗು ಎಂದು ಪ್ರಮೀಳಾಳಿಗೆ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

“ಅವತ್ತು ಬುಟ್ಟಿ ಖಾಲಿಯಾಗದೆ ಏಳಲಿಲ್ಲ ಅಲ್ವಾ ನೀನು? ಈಗ ಮಾತ್ರ ಅರ್ಧದಲ್ಲಿ ಏಳ್ತೀಯಾ?”

ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಎದ್ದು ಸೀರೆ ಉಟ್ಟೆ.

ಅಶ್ವಿನಿ ಬೆಲ್ಟನ್ನು ತೀರಾ ಮೆಲ್ಲಗೆ ಇಟ್ಟಿದ್ದಳು. ಮಗು ಕೂಡ ನಡೆಯಬಹುದು ಅದರ ಮೇಲೆ. ಎಷ್ಟು ಎಂದು ಕೇಳಿದಳು. ಬಾಯಿಗೆ ಒಂಬತ್ತೇ ಬಂದಿತ್ತು. ನುಂಗಿದೆ.

“ಹದಿನಾರು” ಎಂದೆ.

ಹೇಳಿದ್ದೇ ಅಳು ಬಂತು. ಎಲ್ಲರೆದುರು ಸೆರಗು ಜಾರಿದಷ್ಟು ನಾಚಿಕೆಯಾಯಿತು. ಅವಳು ಸ್ಪೀಡ್ ಇನ್ನೂ ಇಳಿಸಿದಳು, ಮತ್ತೆ ಕೇಳಿದಳು. ಹದಿಮೂರು. ಆ ದಿನ ಆರೇ ಆರು ನಿಮಿಷ ನಡೆದೆ. ಬೀಳಲಿಲ್ಲ.

ಈಗಲೂ ಪ್ರಮೀಳಾಳ ಜೊತೆ ಹೋಗುತ್ತಿದ್ದೇನೆ, ಗೋಡೆಯ ಪಟ್ಟಿ ಅವಳಿಗೂ ಬಾಯಿಪಾಠ ಆಗಿದೆ. ಈಗ ಕಾಲು ಗಂಟೆ ನಡೆಯುತ್ತೇನೆ. ಮಾರ್ಕೆಟಿನಲ್ಲಿ ಸರೋಜ ನನ್ನ ಜಾಗದ ಮೇಲೆ ತನ್ನ ಗೋಣಿ ಹಾಸಿ ಕಾಯುತ್ತಿದ್ದಾಳಂತೆ. ಎಷ್ಟು ದಿನ ಕಾದಾಳು ಪಾಪ. ಮರಳುತ್ತೇನೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಈಗಲೂ ಹೆದರಿಸುತ್ತದೆ.

ನಿನ್ನೆ ನಲ್ಲಿಯಿಂದ ಅರ್ಧ ಕೊಡ ನೀರು ತಂದೆ. ಮೆಟ್ಟಿಲ ಹತ್ತಿರ ಬರುವಾಗ ಒಳಗಿನಿಂದ ಪ್ರಮೀಳಾ, ಹೇಗುಂಟು ಎಂದು ಕೇಳಿದಳು. ಜೀವಮಾನವಿಡೀ ಈ ಪ್ರಶ್ನೆಗೆ ನನ್ನದು ಒಂದೇ ಉತ್ತರ, ಒಳ್ಳೆಯದುಂಟು.

“ಹದಿನೈದು” ಎಂದೆ.

ಅವಳು ಹೊರಗೆ ಬಂದು ಕೊಡಕ್ಕೆ ಕೈ ಚಾಚಿದಳು. ನಾನು ಕೊಟ್ಟೆ.