ಡಬ್ಬಿ ತೆಗೆದ ಗಾಡಿ

ಒತ್ತಿನೆಣೆಯ ಏರು ಬಂದರೆ ನಮ್ಮ ಪಿಕಪ್ಪಿಗೆ ಜ್ವರ ಬರುತ್ತಿತ್ತು. ಗಂಗೊಳ್ಳಿಯಿಂದ ಬೈಂದೂರಿನವರೆಗೆ ಚೆನ್ನಾಗಿಯೇ ಓಡಿದ ಗಾಡಿ, ಬೈಂದೂರು ದಾಟಿ ಶಿರೂರಿನ ಕಡೆ ಗುಡ್ಡ ಹತ್ತುವಾಗ ಎರಡನೇ ಗೇರಿಗೆ, ಅಲ್ಲಿಂದ ಒಂದನೇ ಗೇರಿಗೆ ಇಳಿದು ಏದುಸಿರು ಬಿಡುತ್ತಿತ್ತು. ಹಿಂದೆ ಐಸು, ಮೀನು, ಮೀನು ಮಾರುವ ನಾಲ್ಕೈದು ಹೆಂಗಸರು. ಅವರಲ್ಲಿ ಒಬ್ಬಳು ನಮ್ಮ ಅಬ್ಬಿ. ಅಮ್ಮನನ್ನು ನಾವು ಕರೆಯುತ್ತಿದ್ದುದು ಹಾಗೆ. ಗಾಡಿ ಅಣ್ಣನದು, ಓಡಿಸುವವನೂ ಅವನೇ. ನಾನು ಶಿರೂರಿನ ಟೈಲರ್ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದೆ. ಬಟ್ಟೆಗೆ ಮೀನಿನ ನೀರು ತಾಗಬಾರದೆಂದು ನನಗೆ ಮಾತ್ರ ಮುಂದೆ, ಅಣ್ಣನ ಪಕ್ಕ ಜಾಗ.

ಸರಕಿನ ಗಾಡಿಯಲ್ಲಿ ಜನ ಕೂರಬಾರದೆಂದು ಪೊಲೀಸರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸುವುದಿಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಅಬ್ಬಿಗೆ ಹಳೆಯ ಉಬ್ಬಸ. ಮುಂದೆ ಬಾ ಎಂದು ಎಷ್ಟು ಕರೆದರೂ ಬರುತ್ತಿರಲಿಲ್ಲ. ಮೀನು ಮಾರುವವಳು ತನ್ನ ಬುಟ್ಟಿ ಬಿಟ್ಟು ಬೇರೆ ಕಡೆ ಕೂರುವ ಪದ್ಧತಿ ನಮ್ಮವರಲ್ಲಿಲ್ಲ.

ಏರಿನಲ್ಲಿ ತಡವಾದರೆ ಶಿರೂರಿನ ಗಿರಾಕಿಗಳು ಬೇರೆಯವರ ಮೀನು ಕೊಂಡು ಮನೆ ಸೇರಿರುತ್ತಿದ್ದರು. ಹೆಂಗಸರು ಅಣ್ಣನನ್ನು ಬೈಯುತ್ತಿದ್ದರು, ಅಣ್ಣ ಗಾಡಿಯನ್ನು ಬೈಯುತ್ತಿದ್ದ. ಕೊನೆಗೆ ಒಂದು ದಿನ ಗಾಡಿಯನ್ನು ಬ್ರಹ್ಮಾವರದ ಗ್ಯಾರೇಜಿಗೆ ಒಯ್ದ. ಅಸ್ತರಿನ ಬಟ್ಟೆ ತರಲಿಕ್ಕಿದ್ದುದರಿಂದ ನಾನೂ ಜೊತೆಗಿದ್ದೆ.

ಮೆಕ್ಯಾನಿಕ್ ಗಾಡಿಯ ಅಡಿಗೆ ನುಗ್ಗಿ ಹೊರಗೆ ಬಂದ. ಸೈಲೆನ್ಸರಿಗಿಂತ ಮೊದಲು ಕೂರುವ ಕಬ್ಬಿಣದ ಡಬ್ಬಿಯೊಂದನ್ನು ತೋರಿಸಿದ. ಕ್ಯಾಟಲಿಟಿಕ್ ಕನ್ವರ್ಟರ್ ಅಂತೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಹೊಗೆಯ ವಿಷ ಅಲ್ಲಿ ಕಡಿಮೆಯಾಗಿ ಹೊರಗೆ ಹೋಗಬೇಕು. ನಮ್ಮದರಲ್ಲಿ ಮಸಿ ತುಂಬಿ ದಾರಿಯೇ ಕಟ್ಟಿತ್ತು.

"ಗಂಟ್ಲಿಗ್ ಬಟ್ಟಿ ತುರ್ಕಿದಾಂಗ್ ಆಯ್ತ್ ಕಾಣಿ. ಇದನ್ ತೆಗ್ದ್ ಬಿಸಾಡಿ ನೆಟ್ಟಗೆ ಪೈಪ್ ಹಾಕ್ತೆ. ಮತ್ತ್ ಕಾಣಿ ಗಾಡಿ!" ಎಂದ ಮೆಕ್ಯಾನಿಕ್.

"ಹೊಸತ್ ಹಾಕುಕಾತಿಲ್ಯಾ?" ಎಂದೆ ನಾನು.

ಹೊಸತು ತರಿಸಬೇಕು, ದಿನ ಹಿಡಿಯುತ್ತದೆ, ತರಿಸಿದರೂ ನಾಳೆ ಮತ್ತೆ ಕಟ್ಟುತ್ತದೆ ಎಂದು ರಾಗ ಎಳೆದ. ನನಗೆ ಸಮಾಧಾನವಾಗಲಿಲ್ಲ. "ಬೇಡದ್ದಾರೆ ಕಂಪ್ನಿಯರ್ ಎಂತಕ್ ಇಟ್ಟದ್? ನೆಗಡಿ ಬಂತಂದೇಳಿ ಮೂಗ್ ಕೊಯ್ಕಂಬುದಾ?" ಎಂದು ಅಣ್ಣನನ್ನು ಕೇಳಿದೆ.

"ನೀ ರವ್ಕಿ ಹೊಲಿ" ಎಂದ ಅಣ್ಣ.

ಮನೆಗೆ ಬಂದು ಹೆಂಗಸರನ್ನೂ ಕೇಳಿದ. ಎಲ್ಲರೂ ತೆಗಿ ಎಂದರು. "ತೆಗಿ ಮಗಾ, ಬೇಗ ಹೋಯ್ಲಕ್" ಎಂದವಳು ಅಬ್ಬಿಯೇ. ಅಲ್ಲಿಗೆ ನನ್ನ ವಕೀಲಿ ಮುಗಿಯಿತು.

ಡಬ್ಬಿ ಹೋಯಿತು. ಉಪ್ಪುನೀರು ತಿಂದು ಹಾಕಿದ್ದ ಹಿಂದಿನ ಪೈಪೂ ಹೋಯಿತು. ಹೊಸ ಪೈಪು ಗಾಡಿಯ ನಡುಹೊಟ್ಟೆಯ ಅಡಿಯಲ್ಲೇ ಮುಗಿಯುತ್ತಿತ್ತು. ಮರುದಿನ ಪಿಕಪ್ ಒತ್ತಿನೆಣೆಯನ್ನು ಮೂರನೇ ಗೇರಿನಲ್ಲಿ ಗರ್ಜಿಸುತ್ತ ಏರಿತು. ಹಿಂದಿನಿಂದ ಹೆಂಗಸರು ಕೂಗಿ ಚಪ್ಪಾಳೆ ತಟ್ಟಿದರು. ಅಣ್ಣ ನನ್ನ ಕಡೆ ತಿರುಗಿ ನಕ್ಕ ನಗು ನೋಡಿ ಮೈಯೆಲ್ಲ ಉರಿಯಿತು. ಬಿಸಿಲಿನ ದಿನಗಳು, ಹಿಂದೆ ಟಾರ್ಪಾಲು ಇರಲಿಲ್ಲ, ಹೊಗೆ ಗಾಳಿಗೆ ಹಾರಿಹೋಗುತ್ತಿತ್ತು. ಎಲ್ಲರೂ ಖುಷಿಯಾಗಿದ್ದರು. ಕ್ರಮೇಣ ನಾನೂ ಸುಮ್ಮನಾದೆ.

ಆಮೇಲೆ ಮಳೆ ಹಿಡಿಯಿತು. ಅವತ್ತು ಗಂಗೊಳ್ಳಿಯಿಂದ ಹೊರಡುವಾಗಲೇ ಗಾಳಿ ಮಳೆ ಎರಡೂ ಇದ್ದವು. ಅಣ್ಣ ಹೆಂಗಸರನ್ನು ಕೂರಿಸಿ, ಟಾರ್ಪಾಲನ್ನು ಮೂರೂ ಕಡೆ ಎಳೆದು ಹೊರಗಿನಿಂದ ಹಗ್ಗ ಬಿಗಿದ. ಅವರು ಕೂರುವ ತಳದ ಹಲಗೆಯಲ್ಲಿ ಐಸಿನ ನೀರು ಇಳಿಯಲು ತೂತುಗಳಿದ್ದವು. ಪೈಪಿನ ಬಾಯಿ ಆ ತೂತುಗಳ ಕೆಳಗೇ ಇದೆ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ.

ಬೈಂದೂರು ದಾಟಿದೆವು. ರಸ್ತೆ ಅಗಲ ಮಾಡಲೆಂದು ಗುಡ್ಡ ಕಡಿದಿದ್ದರು. ಕೆಂಪು ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಹಿಂದೆ ಒಂದು ಲಾರಿ ಹಾರ್ನ್ ಒತ್ತುತ್ತ ಬರುತ್ತಿತ್ತು. ಆಗ ನನ್ನ ಬೆನ್ನಿಗೆ ಏನೋ ತಾಗಿದ ಹಾಗಾಯಿತು. ರಸ್ತೆಯ ಹೊಂಡ ಅಂದುಕೊಂಡೆ. ಮತ್ತೆ ತಾಗಿತು, ಮತ್ತೆ. ಹೊಂಡ ಹೀಗೆ ಬಿಡದೆ ಗುದ್ದುವುದಿಲ್ಲ. ಕ್ಯಾಬಿನ್ನಿನ ತಗಡಿಗೆ ಹಿಂದಿನಿಂದ ಯಾರೋ ಮುಷ್ಟಿಯಿಂದ ಬಡಿಯುತ್ತಿದ್ದರು. ಆ ಪೈಪಿನ ಗರ್ಜನೆಯಲ್ಲಿ ಕಿವಿಗೆ ಏನೂ ಕೇಳುತ್ತಿರಲಿಲ್ಲ.

"ಅಣ್ಣಾ, ಹಿಂದಿಂದ ಗುದ್ತಾ ಇದ್ರ್. ನಿಲ್ಸ್!"

"ಬುಟ್ಟಿ ಮಗ್ಚಿರತ್ತ್. ಏರಂಗ್ ನಿಲ್ಸುಕಾತಿಲ್ಲೆ. ಮೇಲ್ ಹೋಯಿ ಕಾಂಬ."

"ಒಳ್ಗ್ ಅಬ್ಬಿ ಇತ್ತ್ ಮಾರಾಯಾ!"

ಅವನು ಆಕ್ಸಿಲರೇಟರ್ ಒತ್ತಿದ. ತಪ್ಪೆಂದು ಹೇಳಲಾರೆ; ತುಂಬಿದ ಗಾಡಿ ಆ ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರಬಹುದಿತ್ತು. ಆದರೆ ಅಷ್ಟರಲ್ಲಿ ಗುದ್ದು ನಿಂತಿತು. ಗುದ್ದುತ್ತಿದ್ದಾಗ ಆಗದ ಹೆದರಿಕೆ ಆಗ ಆಯಿತು. ನಾನು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ. "ನಿಲ್ಸ್ತ್ಯಾ, ಹಾರ್ಕಾ?" ಎಂದು ಕಿರುಚಿದೆ. ಅಣ್ಣ ಕಿಟಾರನೆ ಬ್ರೇಕ್ ಹಾಕಿದ. ಲಾರಿಯವನು ಬೈಯುತ್ತ ಪಕ್ಕದಲ್ಲೇ ಹಾದುಹೋದ.

ಅಣ್ಣ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ನಾನು ಹಿಂದೆ ಓಡಿ ಹಗ್ಗಕ್ಕೆ ಕೈ ಹಾಕಿದೆ. ನೆನೆದ ಗಂಟು ಬಿಚ್ಚಲು ಬರಲಿಲ್ಲ. ಉಗುರು ಮುರಿಯಿತು. ಚೀಲದಲ್ಲಿದ್ದ ಬಟ್ಟೆ ಕೊಯ್ಯುವ ಕತ್ತರಿ ತಂದು, ಅಂಗಡಿಯವರ ಬೈಗುಳ ನೆನೆಯದೆ, ಆ ದಪ್ಪ ಹಗ್ಗವನ್ನು ಕೊಯ್ದೆ. ಟಾರ್ಪಾಲು ಎತ್ತಿದ ಕೂಡಲೇ ಹೊಗೆ ಮುಖಕ್ಕೆ ರಾಚಿತು. ಒಬ್ಬಳು ಬುಟ್ಟಿಯ ಮೇಲೆ ಬಗ್ಗಿ ವಾಂತಿ ಮಾಡುತ್ತಿದ್ದಳು. ಇನ್ನಿಬ್ಬರು ಸೆರಗು ಮೂಗಿಗೆ ಒತ್ತಿಕೊಂಡು ಬಿದ್ದ ಹಾಗೆ ಕೂತಿದ್ದರು. ಅಬ್ಬಿ ಕ್ಯಾಬಿನ್ನಿನ ತಗಡಿಗೆ ಒರಗಿದ್ದಳು, ಮುಷ್ಟಿ ಇನ್ನೂ ಬಿಗಿದೇ ಇತ್ತು. ಬಾಯಿ ತೆರೆದಿತ್ತು, ತುಟಿ ಕಪ್ಪಾಗಿತ್ತು, ಎದೆ ಮೇಲೇಳುವುದಕ್ಕೆ ಒದ್ದಾಡುತ್ತಿತ್ತು.

"ಅಬ್ಬೀ!" ಎಂದ ಅಣ್ಣ. ಅವನ ಗಂಟಲಿನಿಂದ ಅಂಥ ಸ್ವರ ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಅವಳನ್ನು ಎತ್ತಿ ಮುಂದೆ, ನನ್ನ ಮಡಿಲಲ್ಲಿ ಮಲಗಿಸಿದ. ಉಳಿದವರು ಟಾರ್ಪಾಲಿಲ್ಲದೆ ಮಳೆಯಲ್ಲಿ ನೆನೆಯುತ್ತ ಹಿಂದೆ ಕೂತರು. ಗಾಡಿ ತಿರುಗಿಸಿ ಬೈಂದೂರಿನ ಆಸ್ಪತ್ರೆಗೆ ಇಳಿದೆವು. ದಾರಿಯುದ್ದಕ್ಕೂ ನಾನು ಅವಳ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದೆ. ಒಂದು ಉಸಿರಿಗೂ ಮುಂದಿನ ಉಸಿರಿಗೂ ನಡುವೆ ನನಗೆ ಗೊತ್ತಿದ್ದ ದೇವರೆಲ್ಲ ಬಂದುಹೋದರು.

ಆಕ್ಸಿಜನ್ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಅಬ್ಬಿ ಕಣ್ಣು ಬಿಟ್ಟು ತನ್ನ ಬುಟ್ಟಿ ಎಲ್ಲಿ ಎಂದು ಕೇಳಿದಳು. ನಾನು ಅತ್ತುಬಿಟ್ಟೆ. ಜೊತೆಗೆ ಬಂದಿದ್ದ ಹೆಂಗಸರು ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದರು. ಸೀರೆ ಇನ್ನೂ ಒಣಗಿರಲಿಲ್ಲ. ಅವರ ಮೀನು ಗಾಡಿಯಲ್ಲೇ ಹಾಳಾಗುತ್ತಿತ್ತು.

ಅಣ್ಣ ಹಾಸಿಗೆಯ ಪಕ್ಕ ಬಂದು ನಿಂತ. "ಅಬ್ಬಿ, ಇನ್ ನೀ ಮುಂದ್ ಕೂಕೋ. ಬುಟ್ಟಿ ಹಿಂದ್ ಇರ್ಲಿ. ನಿಂಗ್ ಎಂತದೂ ಆತಿಲ್ಲೆ" ಎಂದ. ಡಬ್ಬಿಯ ಮಾತೇ ಎತ್ತಲಿಲ್ಲ. ಮೂರನೇ ಗೇರು ಅವನಿಗೆ ಇನ್ನೂ ಬೇಕಾಗಿತ್ತು. ಸಿಟ್ಟು ನೆತ್ತಿಗೇರಿ ನಾನು ಬಾಯಿ ತೆರೆಯುವಷ್ಟರಲ್ಲಿ ಅಬ್ಬಿಯೇ ಮಾಸ್ಕ್ ಸರಿಸಿದಳು.

"ಹಿಂದ್ ಇಪ್ಪರಿಗೆ ಮಕ್ಳ್ ಇಲ್ಯಾ ಮಗಾ?"

ಅಣ್ಣ ಬಾಗಿಲ ಕಡೆ ನೋಡಿದ. ಅವರೂ ಅವನನ್ನು ನೋಡಿದರು. ಅವರಲ್ಲಿ ಇಬ್ಬರು ಅವನನ್ನು ಎತ್ತಿ ಆಡಿಸಿದವರು.

ಹೊಸ ಡಬ್ಬಿ ಬಂದು, ಪೈಪು ಹಿಂದಿನವರೆಗೆ ಎಳೆದು ಮುಗಿಯುವ ತನಕ ಗಾಡಿ ಮೀನಿಗೆ ಹೊರಡಲಿಲ್ಲ. ಅಷ್ಟು ದಿನ ಆ ಹೆಂಗಸರ ಮೀನು ಶಿರೂರಿಗೆ ಹೋಗಲಿಲ್ಲ. ದಿನಾ ನಮ್ಮ ಅಂಗಳದ ಮುಂದೆಯೇ ಓಡಾಡುತ್ತಿದ್ದರೂ ಅಣ್ಣನಿಗೆ ಒಬ್ಬಳೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅನ್ನವಾದರೂ ಸೇರುತ್ತಿತ್ತೇನೋ.