ಬೇಬಿಯಕ್ಕನ ತಿದ್ದುಪಡಿಗಳು

ಬೇಬಿಯಕ್ಕ ಓದುವಾಗ ತುಟಿ ಅಲ್ಲಾಡುತ್ತಿರಲಿಲ್ಲ, ಬೆರಳು ಮಾತ್ರ ನಡೆಯುತ್ತಿತ್ತು. ಬಲಗೈಯ ತೋರುಬೆರಳು. ಅದರ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಒಂದೆರಡು ಮೀನಿನ ಪರೆ. ಒಂದೊಂದು ಅಕ್ಷರದ ಕೆಳಗೂ ಆ ಬೆರಳು ನಿಂತು, ಅಕ್ಷರದ ಮೇಲೆ ನಂಬಿಕೆ ಬಂದ ಮೇಲೆಯೇ ಮುಂದಿನದಕ್ಕೆ ಹೋಗುವುದು. ಎರಡು ಪುಟದ ಸಭಾ ನಡಾವಳಿ ಓದಿ ಮುಗಿಸಲು ಅವರಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು, ಉಳಿದ ಸದಸ್ಯರು ಮೊಬೈಲು ನೋಡುತ್ತಿದ್ದರು, ನಾನು ಬೇಬಿಯಕ್ಕನ ಬೆರಳು ನೋಡುತ್ತಿದ್ದೆ. ಅದು ಎಲ್ಲಿ ನಿಂತುಬಿಡುತ್ತದೋ ಎಂಬ ಹೆದರಿಕೆ ನನಗೆ. ಬರೆದವನು ನಾನಲ್ಲವೇ.

ಕಾಪುವಿಗೂ ಕಾರ್ಕಳಕ್ಕೂ ನಡುವೆ ಒಂದು ಬೋಳು ಪದವು, ಅಂದರೆ ತಲೆ ಚಪ್ಪಟೆಯಾದ ಕಲ್ಲುಗುಡ್ಡ, ಅದರ ಮೇಲೆ ನಮ್ಮ ಸಣ್ಣ ವಿಮಾನ ನಿಲ್ದಾಣ. ಕೇಪಳಪದವು ಅಂತ ಹೆಸರು. ನಾನು ಅಲ್ಲಿ ಗುಮಾಸ್ತ, ಇನ್ನಂಜೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿ ಬರುವವನು. ಮೂರು ತಿಂಗಳಿಗೊಮ್ಮೆ ಅಲ್ಲಿ ಸಾರ್ವಜನಿಕ ಸಲಹಾ ಸಮಿತಿ ಸೇರುತ್ತದೆ. ನಿಲ್ದಾಣದ ಮೇಲೆ ಊರಿನವರ ಒಂದು ಕಣ್ಣಿರಬೇಕು, ಸದ್ದು, ಧೂಳು, ನೀರು, ದಾರಿ ಎಲ್ಲದರ ಬಗ್ಗೆ ಅವರು ಹೇಳಬೇಕು, ನಿಲ್ದಾಣದವರು ಕೇಳಬೇಕು ಎಂಬುದು ಅದರ ಉದ್ದೇಶ. ಕೇಳುತ್ತಾರೆ. ಕೇಳುವುದರಲ್ಲಿ ಒಂದು ದಿನವೂ ಲೋಪವಾದದ್ದಿಲ್ಲ. ಸಮಿತಿಯಲ್ಲಿ ಮಣಿಪಾಲದ ಒಬ್ಬ ಡಾಕ್ಟರು, ಉಡುಪಿಯ ಒಬ್ಬ ಹೋಟೆಲಿನವರು, ಟ್ಯಾಕ್ಸಿಯವರ ಕಡೆಯಿಂದ ಒಬ್ಬರು, ಮತ್ತೆ ‘ನೆರೆಯ ನಿವಾಸಿ’ ಅಂತ ಒಬ್ಬರು. ಆ ಕೊನೆಯವರೇ ಬೇಬಿಯಕ್ಕ.

ಅವರನ್ನು ಆರಿಸಿದ್ದು ಅಧ್ಯಕ್ಷರೇ, ಅಂದರೆ ನಮ್ಮ ನಿಲ್ದಾಣದ ಮುಖ್ಯ ಅಧಿಕಾರಿ. ನಿಲ್ದಾಣದ ಕ್ವಾರ್ಟರ್ಸಿಗೆ ಮೀನು ತರುವ ಹೆಂಗಸು, ಓದಿದ್ದು ಏಳನೇ ಕ್ಲಾಸು, ಸುಮ್ಮನೆ ಕೂತು ಚಹಾ ಕುಡಿದು ಸಹಿ ಹಾಕಿ ಹೋಗುತ್ತಾಳೆ ಅಂತ ಅವರು ಎಣಿಸಿದ್ದರು. ನೌಕರಿಯಲ್ಲಿ ಅವರು ಮಾಡಿದ ದೊಡ್ಡ ತಪ್ಪು ಅದೇ ಇರಬೇಕು. ಮಲ್ಪೆಯಲ್ಲಿ ಹುಟ್ಟಿ, ಪದವಿನ ಬುಡದ ಮನೆಗೆ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಒಬ್ಬರೇ ಇದ್ದವರು ಬೇಬಿಯಕ್ಕ. ಬೆಳಕು ಹರಿಯುವ ಮೊದಲೇ ಮಲ್ಪೆಗೆ ಹೋಗಿ, ಬಂದರಿನ ಏಲದಲ್ಲಿ ಹರಾಜು ಕೂಗಿ ಮೀನು ಕೊಂಡು, ಬುಟ್ಟಿ ಹೊತ್ತು ಬಸ್ಸಿನಲ್ಲಿ ಬರುವುದು ಅವರ ಕೆಲಸ. ಅರುವತ್ತು ದಾಟಿದವರಿಗೆ ಬೇಬಿ ಅಂತ ಹೆಸರೇ ಎಂದು ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ನಕ್ಕಾಗ, “ಇಟ್ಟವರು ಸತ್ತು ಹೋಗಿದ್ದಾರೆ ಸರ್, ಈಗ ಯಾರ ಹತ್ರ ಬದಲಿಸ್ಲಿಕ್ಕೆ ಹೇಳುದು?” ಎಂದಿದ್ದರು.

ಆ ಸಮಿತಿಯಿಂದ ಬೇಬಿಯಕ್ಕನಿಗೆ ಬೇಕಾದದ್ದು ಮಳೆನೀರು ಹರಿದುಹೋಗುವ ಒಂದೇ ಒಂದು ತೋಡು. ರನ್‌ವೇ ಉದ್ದ ಮಾಡುವಾಗ ಕಡಿದ ಮಣ್ಣನ್ನೆಲ್ಲ ಪದವಿನ ಅಂಚಿಗೆ ತಂದು ಸುರಿದಿದ್ದರು. ಅಂಚಿನ ನೇರ ಕೆಳಗೆ ಅವರ ಮನೆ, ಮನೆಯೆದುರು ಗಂಡ ತೋಡಿಸಿದ ಬಾವಿ. ಎಂಥ ಬೇಸಗೆಗೂ ಬತ್ತದ ಬಾವಿ ಅದು. ಮಣ್ಣು ಬಿದ್ದ ವರ್ಷದಿಂದ, ಮಳೆ ಹಿಡಿದ ಕೂಡಲೇ ಕೆಂಪು ನೀರು ಇಳಿದು ಬಂದು ಬಾವಿಗೆ ತುಂಬುತ್ತಿತ್ತು. ಅಂಚಿನುದ್ದಕ್ಕೆ ಕಲ್ಲು ಕಟ್ಟಿದ ಒಂದು ತೋಡು ಮಾಡಿ ಆ ನೀರನ್ನು ಹೊಳೆಯ ಕಡೆಗೆ ತಿರುಗಿಸಿದರೆ ಮುಗಿಯಿತು. “ಬಾವಿ ಹೋದ್ರೆ ಆ ಮನೆಯಲ್ಲಿ ಇರ್ಲಿಕ್ಕಾಗುದಿಲ್ಲ ರೈಟ್ರೇ. ಆ ಮನೆ ಬಿಟ್ಟು ನಾನು ಎಲ್ಲಿಗೆ ಹೋಗುದು?” ಎಂದು ಒಮ್ಮೆ ನನ್ನ ಮೇಜಿನ ಹತ್ತಿರ ನಿಂತು ಕೇಳಿದ್ದರು. ಬರೆಯುವವನಾದ್ದರಿಂದ ನಾನು ಅವರಿಗೆ ರೈಟ್ರು.

ಮೊದಲ ಸಭೆಯ ನಡಾವಳಿಯಲ್ಲಿ ನಾನು ‘ಬಣ್ಣಮಿಶ್ರಿತ ನೀರು ಹರಿಯುತ್ತಿದೆಯೆಂದು ಸದಸ್ಯರು ಅಭಿಪ್ರಾಯಪಟ್ಟರು’ ಎಂದು ಬರೆದಿದ್ದೆ. ಕಚೇರಿಯ ಭಾಷೆ, ಯಾರಿಗೂ ಚುಚ್ಚುವುದಿಲ್ಲ. ಮುಂದಿನ ಸಭೆಯಲ್ಲಿ ಬೇಬಿಯಕ್ಕನ ಬೆರಳು ಅಲ್ಲೇ ನಿಂತಿತು.

“ಎಂತ ಬಣ್ಣ? ಬಣ್ಣಕ್ಕೆ ಹೆಸರು ಉಂಟಲ್ವಾ? ಕೆಂಪು ಅಂತ ಬರೆಯಿರಿ. ಮತ್ತೆ ಇದು ಅಭಿಪ್ರಾಯ ಅಲ್ಲ, ನಾನು ಇದ್ದದ್ದನ್ನು ಹೇಳಿದ್ದು. ನಿನ್ನೆಯ ಬಂಗುಡೆಯನ್ನು ಇವತ್ತಿನದು ಅಂತ ನಾನು ಮಾರುದಿಲ್ಲ. ನೀವೂ ಮಾರ್ಬೇಡಿ.”

ನನ್ನ ಪೆನ್ನು ಕೇಳಿ ಪಡೆದು, ಎರಡು ಪದ ಹೊಡೆದುಹಾಕಿ, ದುಂಡಗೆ ‘ಕೆಂಪು’, ‘ಹೇಳಿದರು’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷದ ಸರ್ವಿಸಿನಲ್ಲಿ ನನ್ನ ಕನ್ನಡ ತಿದ್ದಿದವರು ಯಾರೂ ಇರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಹಾರಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, “ನೀರು ಕೆಂಪು ಇತ್ತಾ?” ಎಂದಷ್ಟೇ ಕೇಳಿದಳು.

ಆಮೇಲಿನ ಪ್ರತಿ ಸಭೆಗೂ ಬೇಬಿಯಕ್ಕ ಬಾವಿಯ ನೀರು ತುಂಬಿದ ಒಂದು ಬಾಟಲಿ ತರತೊಡಗಿದರು. ಮಳೆಗಾಲದ ಒಂದು ಸಭೆಯ ದಿನ ಅದನ್ನು ಬದಿಯ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋಗಿದ್ದಾರೆ. ಅದೇ ಮೇಜಿನಲ್ಲಿ ಕ್ಯಾಂಟೀನಿನ ಸಂಜೀವಣ್ಣ ಸದಸ್ಯರಿಗಾಗಿ ತಂದಿಟ್ಟ ಕೆಂಪು ಪುನರ್ಪುಳಿ ಶರಬತ್ತಿನ ಬಾಟಲಿಗಳೂ ಇದ್ದವು. ಸಂಜೀವಣ್ಣನಿಗೆ ಕಣ್ಣಿನ ಪೊರೆ ತೆಗೆಸಲು ಇನ್ನೂ ಪುರಸೊತ್ತಾಗಿರಲಿಲ್ಲ. ಸ್ಟೀಲಿನ ಲೋಟಕ್ಕೆ ಸುರಿದು ಮೊದಲು ಅಧ್ಯಕ್ಷರಿಗೇ ಕೊಟ್ಟ. ಅವರು ಒಂದು ಗುಟುಕು ಕುಡಿದು, ಮುಖ ಹುಳ್ಳಗೆ ಮಾಡಿ, “ಸಕ್ಕರೆ ಹಾಕ್ಲಿಲ್ವಾ?” ಎಂದರು.

ಒಳಗೆ ಬಂದ ಬೇಬಿಯಕ್ಕ ಬಾಟಲಿ ನೋಡಿದರು, ಲೋಟ ನೋಡಿದರು. “ಸರ್, ಅದು ನನ್ನ ಬಾವಿಯ ನೀರು” ಎಂದರು. “ಹೆದರ್ಬೇಡಿ. ನಾನು ದಿನಾ ಕುಡಿಯುದು ಅದನ್ನೇ.”

ಆ ದಿನ ತೋಡು ಮಂಜೂರಾಗುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಅಧ್ಯಕ್ಷರು ಎದ್ದು ಹೋಗಿ ಬಾಯಿ ತೊಳೆದು ಬಂದು, “ನೋಡಿ, ನಮ್ಮದು ಸಲಹಾ ಸಮಿತಿ. ತೋಡು ಕಟ್ಟುವುದು ನಮ್ಮ ಕೈಯಲ್ಲಿಲ್ಲ” ಎಂದರು. “ಸಲಹೆ ಕೊಡ್ಲಿಕ್ಕಾದ್ರೂ ಆಗ್ತದಲ್ವಾ ಸರ್?” ಎಂದು ಬೇಬಿಯಕ್ಕ ಕೇಳಿದರು. ಸ್ಥಳ ನೋಡಿ ಸಲಹೆ ಕೊಡುವುದೆಂದು ತೀರ್ಮಾನವಾಯಿತು. ನಾನು ‘ನೀರಿನ ಮಾದರಿಯನ್ನು ಸಭೆಯು ಪರಿಶೀಲಿಸಿತು’ ಎಂದು ಬರೆದೆ. ಬೇಬಿಯಕ್ಕ ಮುಂದಿನ ಸಲ ಅದನ್ನು ಹೊಡೆದು ‘ಅಧ್ಯಕ್ಷರು ಕುಡಿದರು’ ಎಂದು ತಿದ್ದಿದರು. ಅಧ್ಯಕ್ಷರು ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ, ಆ ಪುಟ ಇವತ್ತಿಗೂ ಸಹಿಯಿಲ್ಲದೆ ಕಡತದಲ್ಲಿ ಉಂಟು.

ಸ್ಥಳ ನೋಡಲು ಹೋದದ್ದು ಮಾರ್ಚಿನಲ್ಲಿ. ಮಳೆಗಾಲದಲ್ಲಿ ಜೀಪು ಇಳಿಯುವುದಿಲ್ಲವಂತೆ. ಬೇಬಿಯಕ್ಕ ಎಲ್ಲರಿಗೂ ಬೆಲ್ಲ ಕೊಟ್ಟು, ಬಾವಿಯಿಂದ ಆಗಷ್ಟೇ ಸೇದಿದ ನೀರು ಕೊಟ್ಟರು. ಬೇಸಗೆಯ ನೀರು, ಕಣ್ಣೀರಿನ ಹಾಗೆ ತಿಳಿ. ಜೊತೆಗೆ ಬಂದಿದ್ದ ನಿಲ್ದಾಣದ ಎಂಜಿನಿಯರು ಎರಡು ಲೋಟ ಕುಡಿದು, “ಒಳ್ಳೆ ನೀರಲ್ಲವೇ ಇದು” ಎಂದರು. ‘ಪರಿಶೀಲನೆಯ ವೇಳೆ ನೀರು ಸ್ವಚ್ಛವಾಗಿತ್ತು’ ಎಂದು ನಾನು ಬರೆಯಬೇಕಾಯಿತು, ತೋಡಿನ ಸಲಹೆ ಮುಂದಕ್ಕೆ ಹೋಯಿತು. ಮುಂದಿನ ಸಭೆಯಲ್ಲಿ ಬೇಬಿಯಕ್ಕನ ಬೆರಳು ಆ ಸಾಲಿನ ಮೇಲೆ ತುಂಬ ಹೊತ್ತು ಇತ್ತು. ಕೊನೆಗೆ, ‘ಮಾರ್ಚಿನಲ್ಲಿ’ ಎಂಬ ಒಂದು ಪದ ಸೇರಿಸಿ ಬಿಟ್ಟರು. ಸುಳ್ಳಲ್ಲವಲ್ಲ, ಹೊಡೆದುಹಾಕುವುದು ಹೇಗೆ.

ಅದೇ ವರ್ಷದ ಮಳೆಗೆ ಅಂಚಿನ ಮಣ್ಣು ರಾಶಿಯಾಗಿ ಕುಸಿದು ಬಾವಿಗೇ ಬಿತ್ತು. ಕಟ್ಟೆಯ ಮಟ್ಟಕ್ಕೆ ಕೆಸರು. ಪಂಚಾಯತಿನ ಟ್ಯಾಂಕರು ಸ್ವಲ್ಪ ದಿನ ಬಂದು, ದಾರಿ ಕೊಚ್ಚಿಹೋದ ಮೇಲೆ ನಿಂತಿತು. ಬೇಬಿಯಕ್ಕ ಮನೆಗೆ ಬೀಗ ಹಾಕಿ ಉದ್ಯಾವರದಲ್ಲಿ ಒಂದು ಬಾಡಿಗೆ ಕೋಣೆಗೆ ಹೋದರು.

ಸಭೆಗೆ ಒಂದು ವಾರ ಮೊದಲು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಬಾಟಲಿ ಇರಲಿಲ್ಲ. “ರೈಟ್ರೇ, ನನ್ನ ವಿಳಾಸ ಬದಲಿಸ್ಲಿಕ್ಕುಂಟು” ಎಂದರು.

ನನಗೆ ನಿಯಮ ಗೊತ್ತಿತ್ತು. ನೆರೆಯ ನಿವಾಸಿ ಎಂದರೆ ಬೇಲಿಯಿಂದ ಎರಡು ಕಿಲೋಮೀಟರಿನೊಳಗೆ ವಾಸ ಇರುವವರು. ವಾಸ ತಪ್ಪಿದರೆ ಸದಸ್ಯತ್ವ ತಪ್ಪಿತು, ಸದಸ್ಯರು ಎತ್ತಿದ ವಿಷಯವೂ ಅವರ ಜೊತೆಗೇ ಹೋಯಿತು. ಸುತ್ತಮುತ್ತ ನೋಡಿ, ಮೆಲ್ಲಗೆ ಎಲ್ಲವನ್ನೂ ಹೇಳಿದೆ. “ಯಾರೂ ಕೇಳುವುದಿಲ್ಲ ಬೇಬಿಯಕ್ಕ. ಹಳೆಯದೇ ಇರಲಿ. ತೋಡು ಆಗುವವರೆಗೆ ಸುಮ್ಮನಿರಿ.”

“ಅಲ್ಲಿ ಇಲ್ಲದವಳು ಅಲ್ಲಿ ಇದ್ದೇನೆ ಅಂತ ಹೇಳುದಾ?”

“ನಿಮ್ಮನ್ನು ಅಲ್ಲಿಂದ ಓಡಿಸಿದ್ದು ಇವರ ಮಣ್ಣೇ ಅಲ್ವಾ? ಒಂದು ಸುಳ್ಳು ಹೇಳಿದರೆ ಏನಾಗುತ್ತದೆ?”

“ಹೌದು ಮಾರಾಯ್ರೇ, ಆಗುದು ಎಂತ ಇಲ್ಲ. ಆದ್ರೆ ಮುಂದಿನ ಮೀಟಿಂಗಿನಲ್ಲಿ ಅದನ್ನು ಓದುವಾಗ ನನ್ನ ಬೆರಳು ಅಲ್ಲಿ ನಿಲ್ತದೆ. ಆಗ ನಾನೇ ತಿದ್ಬೇಕಾಗ್ತದೆ. ಇಷ್ಟು ದಿನ ನಿಮ್ಮದು ತಿದ್ದಿದವಳು ನನ್ನದನ್ನು ಬಿಡುದು ಹೇಗೆ?”

ಬರೆದುಕೊಟ್ಟರು. ನಾನು ಆ ಕಾಗದವನ್ನು ಡ್ರಾಯರಿನೊಳಗೆ ಮರೆತುಬಿಡಬಹುದಿತ್ತು. ಮೂರು ದಿನ ಇಟ್ಟುಕೊಂಡೆ ಕೂಡ. ಆಮೇಲೆ ಹೆದರಿದೆ. ಪೆನ್ಶನ್ನು ಹತ್ತಿರವಿತ್ತು, ಕಡತದಲ್ಲಿ ಇಲ್ಲದ ಕಾಗದ ಸಿಕ್ಕಿದರೆ ಕಷ್ಟ. ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಬೇಬಿಯಕ್ಕ ಓದಿದರೆ ಬಿಡಲಾರರು. ಕಾಗದವನ್ನು ಅಧ್ಯಕ್ಷರ ಮೇಜಿಗೆ ಕಳುಹಿಸಿದವನು ನಾನೇ. ಬೇಬಿಯಕ್ಕನಿಲ್ಲದ ಆ ಸಭೆ ಅರ್ಧ ಗಂಟೆ ಬೇಗ ಮುಗಿಯಿತು.

ಅದರ ನಡಾವಳಿಯ ಪ್ರತಿಯನ್ನು ಬೇಬಿಯಕ್ಕನ ಹೆಸರಿಗೆ ಅಂಚೆಗೆ ಹಾಕಬೇಕಿತ್ತು. ನನ್ನಿಂದಾಗಲಿಲ್ಲ. ಒಂದು ಬೆಳಿಗ್ಗೆ ನಾನೇ ಮಲ್ಪೆಗೆ ತೆಗೆದುಕೊಂಡು ಹೋದೆ. ಏಲ ಮುಗಿಯುತ್ತ ಬಂದಿತ್ತು, ಐಸಿನ ಲಾರಿಗಳು ಹೊರಡುತ್ತಿದ್ದವು. ಬೇಬಿಯಕ್ಕ ಒಂದು ಬುಟ್ಟಿ ಬೂತಾಯಿ ಮೀನಿನ ಹಿಂದೆ ಕೂತಿದ್ದರು. ಮೊದಲಿಗಿಂತ ಸೊರಗಿದ್ದರು. ಕಾಗದ ಕಂಡು ಕೈಯನ್ನು ಸೆರಗಿಗೆ ಒರೆಸಿಕೊಂಡು, “ಪೆನ್ನು ಕೊಡಿ” ಎಂದರು. ಕೊಟ್ಟೆ.

ಬೆರಳು ಹೊರಟಿತು. ‘ನೆರೆಯ ನಿವಾಸಿ ಸದಸ್ಯರು ಉದ್ಯಾವರಕ್ಕೆ ವಾಸ ಬದಲಿಸಿದ ಕಾರಣ, ನಿಯಮದಂತೆ ಅವರ ಸದಸ್ಯತ್ವ ಕೊನೆಗೊಂಡಿದೆ. ಅವರು ಪ್ರಸ್ತಾಪಿಸಿದ ಕೆಂಪು ನೀರಿನ ವಿಷಯವನ್ನು ಕೈಬಿಡಲಾಯಿತು.’ ‘ಕೆಂಪು’ ಎಂಬಲ್ಲಿ ಬೆರಳು ಸ್ವಲ್ಪ ನಿಂತಿತು. ಅದನ್ನು ನಾನು ಬೇಕೆಂದೇ ಬರೆದಿದ್ದೆ. ಅಲ್ಲಿಂದ ಕೊನೆಯವರೆಗೆ ಹೋಗಿ, ಇನ್ನೊಮ್ಮೆ ಮೊದಲಿನಿಂದ ಓದಿದರು. ಒಂದು ತಪ್ಪಾದರೂ ಸಿಗಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.

“ಸರಿಯಾಗಿ ಬರೆದಿದ್ದೀರಿ ರೈಟ್ರೇ” ಎಂದರು ಬೇಬಿಯಕ್ಕ. “ಇದ್ರಲ್ಲಿ ತಿದ್ಲಿಕ್ಕೆ ಎಂತದೂ ಇಲ್ಲ.”

ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು.