ಮೂರನೆಯ ಏಟು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಬಟ್ಟೆ ಒಗೆದವಳಿಗೆ ರಕ್ತದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ, ತಣ್ಣೀರಿನಲ್ಲೇ ನೆನೆಸಬೇಕು. ಹಾಸಿಗೆಬಟ್ಟೆಯ ನಡು ಭಾಗ ನೆನೆದಿದ್ದರೆ ಹೆರಿಗೆ ವಾರ್ಡಿನದು. ತಲೆದಿಂಬಿನ ಕಡೆ ನೆನೆದಿದ್ದರೆ ಹೆಚ್ಚಾಗಿ ಯಾರದೋ ಮನೆಯ ಹೆಂಗಸು, ‘ಮೆಟ್ಟಿಲಿಂದ ಬಿದ್ದವಳು’. ಆ ಊರಿನಲ್ಲಿ ಅಷ್ಟೊಂದು ಮೆಟ್ಟಿಲುಗಳೆಲ್ಲಿವೆ ಎಂದು ಅವಳು ಜೊತೆಯವರನ್ನು ಕೇಳುತ್ತಿದ್ದಳು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಅವಳ ತೋಳುಗಳು ಗಂಡಸರ ತೋಳಿನಂತೆ ಗಟ್ಟಿಯಾಗಿದ್ದವು.

ಅವಳ ತಾಯಿಗೆ ಎಡಗಿವಿ ಕೇಳುತ್ತಿರಲಿಲ್ಲ. ಅದು ಅಪ್ಪನ ಕೈಯ ಕೆಲಸ. ಅಪ್ಪ ಸತ್ತು ಎಷ್ಟೋ ವರ್ಷಗಳಾಗಿದ್ದರೂ, ಗಾಳಿಗೆ ಬಾಗಿಲು ಬಡಿದುಕೊಂಡರೆ ಸಾಕು, ತಾಯಿ ಕೆಲಸ ಬಿಟ್ಟು ಮೂಲೆ ಹಿಡಿಯುತ್ತಿದ್ದಳು.

ಮೂವತ್ತಾರನೆಯ ವಯಸ್ಸಿನಲ್ಲಿ ಮಗಳು ಸಮಾಜಕಾರ್ಯದ ಪದವಿಗೆ ಸೇರುತ್ತೇನೆಂದಾಗ ತಾಯಿಗೆ ನಗು ಬಂತು.

“ಈ ವಯಸ್ಸಲ್ಲಿ ಪುಸ್ತಕ ಹಿಡಿದು ಏನು ಮಾಡ್ತೀಯೆ?”

“ಪೆಟ್ಟು ತಿಂದವರನ್ನ ಆಸ್ಪತ್ರೆಗೆ ಬರೋಕ್ಕೆ ಮುಂಚೆನೇ ನೋಡ್ಬೇಕಮ್ಮ. ಅವರ ಹಾಸಿಗೆಬಟ್ಟೆ ನೋಡಿ ನೋಡಿ ಸಾಕಾಯ್ತು.”

ವಿಶ್ವವಿದ್ಯಾಲಯದಲ್ಲಿ ಸಹಪಾಠಿಗಳೆಲ್ಲ ಅವಳ ಅರ್ಧ ವಯಸ್ಸಿನವರು. ಮೊದಲ ವಾರದಲ್ಲೇ ಅವಳಿಗೆ ದೊಡ್ಡಕ್ಕ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು. ಮನೆಯೊಳಗಿನ ಹಿಂಸೆ ಹೇಗೆ ಶುರುವಾಗುತ್ತದೆ, ಹೇಗೆ ಕ್ಷಮೆಗೆ ತಿರುಗುತ್ತದೆ, ಮತ್ತೆ ಹೇಗೆ ಮರುಕಳಿಸುತ್ತದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಚಕ್ರ ಬರೆದ ದಿನ ಉಳಿದವರು ಬಣ್ಣದ ಪೆನ್ನು ಹಿಡಿದು ನಕಲು ಮಾಡಿಕೊಂಡರು. ದೊಡ್ಡಕ್ಕ ಕೈಕಟ್ಟಿ ಕೂತಿದ್ದಳು.

“ದೊಡ್ಡಕ್ಕ, ಬರ್ಕೊಳ್ಳಲ್ವಾ?” ಎಂದಳು ಪಕ್ಕದ ಹುಡುಗಿ.

“ಬಾಯಿಪಾಠ ಇದೆ ಕಣೆ.”

ಎರಡನೆಯ ವರ್ಷ ಕ್ಷೇತ್ರಕಾರ್ಯ. ವಾರಕ್ಕೆ ಮೂರು ದಿನ ಹೆಂಗಸರ ಆಶ್ರಯ ಕೇಂದ್ರವೊಂದರಲ್ಲಿ ದುಡಿಯಬೇಕಿತ್ತು. ಎರಡು ಚಿಲಕದ ಕಬ್ಬಿಣದ ಬಾಗಿಲು, ಉದ್ದನೆಯ ಕಾರಿಡಾರು, ಅಡುಗೆಮನೆ, ಐದು ಯಂತ್ರಗಳ ಹೊಲಿಗೆ ಕೋಣೆ. ಅಲ್ಲಿನ ಮೇಡಂ ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಮಾತು ಗೆರೆ ಎಳೆದಂತೆ. “ಯಾವ ಗಂಡಸು ನುಗ್ಗಿದ್ರೂ ಎದುರು ನಿಲ್ಲಬೇಡಿ. ಕೋಣೆ ಸೇರಿ ಬಾಗಿಲು ಹಾಕ್ಕೊಳ್ಳಿ, ಪೊಲೀಸರಿಗೆ ಫೋನ್ ಮಾಡಿ. ಶೌರ್ಯ ತೋರಿಸೋದು ನಮ್ಮ ಕೆಲಸ ಅಲ್ಲ” ಎಂದು ಮೊದಲ ದಿನವೇ ಹೇಳಿದ್ದರು.

ಅವಳ ಪಾಲಿಗೆ ಬಂದವಳು ಬಟ್ಟೆ ಹೊಲಿದು ಬದುಕುವ ಹೆಂಗಸು, ಜೊತೆಗೆ ಐದು ವರ್ಷದ ಮಗಳು. ಗಂಡ ವೆಲ್ಡರ್. ಫೋನ್ ಎತ್ತಲು ತಡವಾಯಿತೆಂದು ಹೆಂಡತಿಯ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಒತ್ತಿದ್ದ. ಎರಡು ಬೆರಳು ಮುರಿದಿದ್ದವು. ದೊಡ್ಡಕ್ಕ ಅವಳ ಹೇಳಿಕೆ ಬರೆದುಕೊಂಡಳು, ಠಾಣೆಗೆ ಕರೆದೊಯ್ದಳು, ಕೈಗೆ ಪಟ್ಟಿ ಇರುವಷ್ಟು ದಿನ ಮಗುವಿನ ತಲೆ ಬಾಚಿದಳು. ಮಗು ಅವಳಿಗೆ ಎಷ್ಟು ಅಂಟಿಕೊಂಡಿತೆಂದರೆ ಅವಳು ಬರದ ದಿನ ತಲೆಯನ್ನೇ ಬಾಚಿಸಿಕೊಳ್ಳುತ್ತಿರಲಿಲ್ಲ.

ಒಂದು ಬುಧವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಗ್ಯಾಸ್ ಸಿಲಿಂಡರ್ ತಂದವನಿಗೆಂದು ಕಾವಲಿನ ಅಜ್ಜಿ ಬಾಗಿಲು ತೆಗೆದಳು. ಅವನ ಬೆನ್ನಿಗೇ ವೆಲ್ಡರ್ ನುಗ್ಗಿದ. ತಳ್ಳಿದ ರಭಸಕ್ಕೆ ಅಜ್ಜಿಯ ಹಣೆ ಗೋಡೆಗೆ ಬಡಿದು ಒಡೆಯಿತು. ಸಿಲಿಂಡರಿನವನು ಹೊರೆ ಅಲ್ಲೇ ಇಳಿಸಿ ಬೀದಿಗೆ ಓಡಿದ. ವೆಲ್ಡರ್ ಹೊಲಿಗೆ ಕೋಣೆಗೆ ಹೋಗಿ ಹೆಂಡತಿಯ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಕಾರಿಡಾರಿಗೆ ಎಳೆದ. ಯಂತ್ರ ಮಗುಚಿ ಬಿತ್ತು. ಉಳಿದ ಹೆಂಗಸರು ಅಡುಗೆಮನೆ ಸೇರಿ ಚಿಲಕ ಹಾಕಿಕೊಂಡರು. ಮೇಡಂ ಆಫೀಸಿನೊಳಗಿಂದ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಕಾರಿಡಾರಿನಲ್ಲಿ ಉಳಿದವರು ದೊಡ್ಡಕ್ಕ ಮತ್ತು ಗೋಡೆಗೆ ಅಂಟಿ ನಿಂತ ಮಗು.

ಕೋಣೆ ಸೇರಬೇಕೆಂಬ ನಿಯಮ ನೆನಪಿತ್ತು, ಕಾಲು ಕೇಳಲಿಲ್ಲ. ಅಂಗೈ ಕಾಣುವಂತೆ ಎರಡೂ ಕೈ ಮುಂದೆ ಹಿಡಿದು, ದನಿ ತಗ್ಗಿಸಿ, “ಅಣ್ಣ, ಜಡೆ ಬಿಡಿ. ಕೂತ್ಕೊಂಡು ಮಾತಾಡೋಣ” ಎಂದಳು.

“ನೀನ್ಯಾವಳೇ ಮಧ್ಯೆ ಬರೋಕ್ಕೆ?” ಎಂದವನೇ ಬಾಯಿಗೆ ಗುದ್ದಿದ. ಮುಂದಿನ ಎರಡು ಹಲ್ಲು ಮುರಿದು ನಾಲಿಗೆಯ ಮೇಲೆ ಬಿದ್ದವು. ಅವನ್ನು ಉಗುಳಿ ಮತ್ತೆ “ಅಣ್ಣ” ಎನ್ನಲು ಹೋದಳು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಅವನು ನೆಲಕ್ಕೆ ಬಿದ್ದ ಹೆಂಡತಿಯ ಹೊಟ್ಟೆಗೆ ಬೂಟುಗಾಲಿನಲ್ಲಿ ಒದ್ದ. ಇನ್ನೊಮ್ಮೆ ಒದ್ದ. ಮಗು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

ಕಾವಲಿನ ಅಜ್ಜಿಯ ಕಬ್ಬಿಣದ ಸ್ಟೂಲು ಕೈಗೆ ಹೇಗೆ ಬಂತೋ ದೊಡ್ಡಕ್ಕನಿಗೆ ಗೊತ್ತಿಲ್ಲ. ಮೊದಲ ಏಟು ಅವನ ಹೆಗಲಿಗೆ ಬಿತ್ತು, ಜಡೆ ಬಿಟ್ಟ. ತಿರುಗಿ ಅವಳ ಕುತ್ತಿಗೆಗೆ ಕೈ ಹಾಕಿದಾಗ ಎರಡನೆಯದು ಕಿವಿಯ ಮೇಲೆ ಬಿತ್ತು. ಅವನು ಕುಸಿದ. ಮುಖಕ್ಕೆ ಮೊಣಕೈ ಅಡ್ಡ ಹಿಡಿದು “ಸಾಕು, ಸಾಕಕ್ಕ” ಎಂದ. ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡೇ ಮೂರನೆಯ ಸಲ ಎತ್ತಿ ಬಾರಿಸಿದಳು. ಮೊಣಕೈ ಮುರಿದ ಸದ್ದು ಕಾರಿಡಾರಿನ ಆ ತುದಿಯವರೆಗೂ ಹೋಯಿತು. ಮತ್ತೆ ಎತ್ತುವಷ್ಟರಲ್ಲಿ ನೆಲದ ಮೇಲಿದ್ದ ಹೊಲಿಗೆಯವಳು ಅವಳ ಕಾಲನ್ನು ತಬ್ಬಿ ಹಿಡಿದಳು. “ಬಿಡಿ ಅಕ್ಕ, ಮಗು ನೋಡ್ತಿದೆ.”

ದೊಡ್ಡಕ್ಕ ಮಗುವಿನ ಕಡೆ ತಿರುಗಿ ಕೈ ಚಾಚಿದಳು. ಮಗು ಕಿರುಚಿಕೊಂಡು ಹೊಲಿಗೆ ಕೋಣೆಗೆ ಓಡಿ ಮಗುಚಿದ ಯಂತ್ರದ ಹಿಂದೆ ಅಡಗಿತು.

ಹೊಟ್ಟೆಯೊಳಗೆ ರಕ್ತ ಸೋರಿದ್ದರಿಂದ ಹೊಲಿಗೆಯವಳಿಗೆ ಅಂದೇ ಆಪರೇಷನ್ ಆಯಿತು, ಬದುಕಿದಳು. ದೊಡ್ಡಕ್ಕ ತುಟಿಗೆ ಹೊಲಿಗೆ ಹಾಕಿಸಿಕೊಂಡು ಸಂಜೆ ಮನೆಗೆ ಬಂದಳು. ತಾಯಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಕೇಳುವ ಕಿವಿಯನ್ನು ಹತ್ತಿರ ತಂದಳು.

“ಯಾರು ಹೊಡೆದದ್ದು?”

“ಮೊದಲು ಅವನು. ಆಮೇಲೆ ನಾನು. ಸಾಕು ಅಂದ್ಮೇಲೂ ಹೊಡೆದೆ.”

“ಹೊಡೆಯೋವಾಗ ಹೇಗನ್ನಿಸ್ತು?”

“ಹಿತ ಅನ್ನಿಸ್ತಮ್ಮ.”

ತಾಯಿ ಅವಳ ಗಲ್ಲ ಬಿಟ್ಟಳು. “ನಿಮ್ಮಪ್ಪನಿಗೂ ಹಾಗೇ ಅನ್ನಿಸ್ತಿತ್ತೇನೋ” ಎಂದು ಒಳಗೆ ಹೋದಳು. ಆ ದಿನ ಇಬ್ಬರೂ ಉಣ್ಣಲಿಲ್ಲ.

ಕ್ಷೇತ್ರಕಾರ್ಯದ ವರದಿ ಬರೆಯುವ ದಿನ ಮೇಡಂ ಅವಳನ್ನು ಪಕ್ಕಕ್ಕೆ ಕರೆದರು. “ಎರಡು ಏಟು ಅಂತ ಬರೀರಿ. ಎರಡೂ ಜೀವ ಉಳಿಸೋಕ್ಕೆ ಹೊಡೆದದ್ದು, ಯಾರೂ ಕೇಳಲ್ಲ. ಅವನ ಮಾತನ್ನ ಯಾರು ನಂಬ್ತಾರೆ?”

“ಮಗು ನೋಡಿದೆ ಮೇಡಂ” ಎಂದು ದೊಡ್ಡಕ್ಕ ಮೂರು ಎಂದೇ ಬರೆದಳು.

ವಿಭಾಗದ ಮೂವರು ಅಧ್ಯಾಪಕರು ವಿಚಾರಣೆಗೆ ಕೂತರು. ಒಬ್ಬರು ಅವಳ ಪರ, ಒಬ್ಬರು ವಿರುದ್ಧ. ಚಕ್ರ ಬರೆದ ಮೇಷ್ಟ್ರು ವರದಿಯನ್ನು ಎರಡು ಸಲ ಓದಿ, “ಕಷ್ಟದಲ್ಲಿರೋರು ಇನ್ನು ನಿಮ್ಮ ಹತ್ತಿರ ಯಾಕೆ ಬರ್ಬೇಕು?” ಎಂದು ಕೇಳಿದರು. ಆ ವರ್ಷದ ಕ್ಷೇತ್ರಕಾರ್ಯ ರದ್ದಾಯಿತು. ಪೊಲೀಸರು ಅವಳ ಮೇಲೆ ಕೇಸು ಹಾಕಲಿಲ್ಲ. ವೆಲ್ಡರಿಗೆ ನಾಲ್ಕು ವರ್ಷ ಜೈಲಾಯಿತು, ಮೊಣಕೈ ನೆಟ್ಟಗಾಗಲಿಲ್ಲ.

ಹೊಲಿಗೆಯವಳು ಬೇರೆ ಊರಿಗೆ ಹೊರಡುವ ಮುಂಚೆ ಅವಳನ್ನು ನೋಡಲು ಬಂದಳು. “ನೀವಿಲ್ದಿದ್ರೆ ನಾನು ಇರ್ತಿರಲಿಲ್ಲ ಅಕ್ಕ. ಆದ್ರೆ ಆವತ್ತು ನಿಮ್ಮ ಮುಖ ನೋಡಿ ಅವನಿಗಿಂತ ನಿಮಗೇ ಹೆಚ್ಚು ಹೆದರಿದೆ” ಎಂದಳು. ಮಗು ಬೀದಿಯ ಆಚೆ ಬದಿಯಲ್ಲೇ ನಿಂತಿತ್ತು, ದಾಟಿ ಬರಲಿಲ್ಲ.

ಮರುವರ್ಷ ಅವಳನ್ನು ಬೇರೆ ಕಡೆ ಹಾಕಿದರು. ಹೆಂಡತಿಗೆ ಹೊಡೆದ ಗಂಡಸರನ್ನು ನ್ಯಾಯಾಲಯ ಕಳಿಸುವ ಆಪ್ತಸಲಹಾ ಕೇಂದ್ರ ಅದು. ಹೋಗಲಾರೆ ಎಂದಳು, ಹೋಗದಿದ್ದರೆ ಪದವಿಯಿಲ್ಲ ಎಂದರು. ಪ್ರತಿ ಮಂಗಳವಾರ ಹನ್ನೆರಡು ಗಂಡಸರ ಗುಂಪು ಅವಳೆದುರು ಕೂರುತ್ತಿತ್ತು. ಮೊದಲ ಮಂಗಳವಾರವೇ ಅವರಲ್ಲೊಬ್ಬ ಕುರ್ಚಿ ಎತ್ತಿ ಅವಳ ಕಡೆ ಎಸೆದ. ಅದು ತಾಗಿ ಕಿಟಕಿಯ ಗಾಜು ಒಡೆಯಿತು, ಒಂದು ಚೂರು ಅವಳ ಕೆನ್ನೆ ಸೀಳಿತು. ದೊಡ್ಡಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು, ಅವುಗಳ ಮೇಲೆಯೇ ಕೂತಳು. ಆಮೇಲೆ ಆ ಹನ್ನೆರಡು ಗಂಡಸರಿಗೆ ಸ್ಟೂಲಿನ ಕಥೆಯನ್ನು ಒಂದೂ ಬಿಡದೆ ಹೇಳಿದಳು, ಹಿತವೆನಿಸಿದ್ದನ್ನೂ ಸೇರಿಸಿ. ಕುರ್ಚಿ ಎಸೆದವನೇ ಮೊದಲು ತಲೆ ತಗ್ಗಿಸಿದ.

ನಲವತ್ತಕ್ಕೆ ಕಾಲಿಟ್ಟಾಗ ಪದವಿ ಕೈಗೆ ಬಂತು, ಕೆಲಸವೂ ಅದೇ ಕೇಂದ್ರದಲ್ಲಿ ಸಿಕ್ಕಿತು. ಎಲ್ಲರೂ ತಿದ್ದಿಕೊಳ್ಳುವುದಿಲ್ಲ. ಈಚೆಗೆ, ಆರು ತಿಂಗಳು ತಪ್ಪದೆ ಬಂದಿದ್ದ ಮೆಕ್ಯಾನಿಕ್ ಒಬ್ಬ ಹೆಂಡತಿಯ ದವಡೆ ಮುರಿದ. ದೊಡ್ಡಕ್ಕ ಆಸ್ಪತ್ರೆಗೆ ಹೋಗಿ, ಬಾಯಿಗೆ ತಂತಿ ಕಟ್ಟಿಸಿಕೊಂಡ ಆ ಹೆಂಗಸಿನ ಪಕ್ಕ ಮೂರು ದಿನ ಕೂತಳು. ಜಾಮೀನಿನ ಮೇಲೆ ಹೊರಬಂದವನು ಮಂಗಳವಾರ ಬಾಗಿಲಲ್ಲಿ ನಿಂತು, “ಬರ್ಲಾ ಮೇಡಂ?” ಎಂದ.

ಅವಳಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಹೇಸಿಗೆ ಇಳಿಯುವುದನ್ನು ಕಾದಳು, ಇಳಿಯಲಿಲ್ಲ. ಎದುರಿನ ಕುರ್ಚಿ ತೋರಿಸಿದಳು.

“ಕೂತ್ಕೊಳ್ಳಿ. ಆವತ್ತು ಬೆಳಗ್ಗೆ ಎದ್ದಾಗಿನಿಂದ ಹೇಳ್ತಾ ಬನ್ನಿ.”